ಇಂದಿನ ಧಮ್ಮ ಚಿಂತನೆ: ಇನ್ನೂರೋ, ಸಾವಿರವೋ?



2024ರ ಮೇ ತಿಂಗಳಲ್ಲಿ ಕೆನರಾ ಬ್ಯಾಂಕ್ 10 ರೂಪಾಯಿ ಮುಖಬೆಲೆಯ ಪ್ರತಿ ಷೇರನ್ನು 2 ರೂಪಾಯಿಯ ಐದು ಷೇರುಗಳಾಗಿ ವಿಭಜಿಸಿತು. ಮಗಳ ಕಾಲೇಜಿಗೆಂದು ಕೊಂಡಿಟ್ಟ 200 ಷೇರು ನನ್ನಲ್ಲಿದ್ದವು. ವಿಭಜನೆಯ ಸುದ್ದಿ ನಾನು ಗಮನಿಸಿರಲಿಲ್ಲ. ಬೆಳಿಗ್ಗೆ ಮೊಬೈಲ್ ನೋಡಿದರೆ ಬೆಲೆ ಐದನೇ ಒಂದು ಪಾಲು! ಹೊಸ ಷೇರುಗಳು ಖಾತೆಗೆ ಇನ್ನೂ ಬಂದಿರಲಿಲ್ಲ. ಎದೆ ಧಸಕ್ಕೆಂದಿತು. ಉಳಿದಷ್ಟಾದರೂ ಸಿಗಲಿ ಎಂದು ಮಾರಲು ಹೊರಟೆ. ಅಷ್ಟರಲ್ಲಿ ಶಾಲೆಯ ಗಂಟೆ ಹೊಡೆಯಿತು, ಬಚಾವಾದೆ.

ಆಮೇಲೆ ಖಾತೆಯಲ್ಲಿ 1000 ಷೇರು ಕಂಡಾಗ ಸಿರಿವಂತನಾದಂತೆ ಹಿಗ್ಗಿದೆ. ಅದೂ ಭ್ರಮೆಯೇ. ಬ್ಯಾಂಕಿನಲ್ಲಿ ನನ್ನ ಪಾಲು ಎಳ್ಳಷ್ಟೂ ಬದಲಾಗಿರಲಿಲ್ಲ. ರೊಟ್ಟಿಯನ್ನು ಐದು ಚೂರು ಮಾಡಿದರೂ ಹೊಟ್ಟೆಗೆ ಸಿಗುವುದು ಒಂದೇ ರೊಟ್ಟಿ. ವರ್ಷಗಟ್ಟಲೆ ಹಣ ಬೆಳೆಯುವುದು ಬ್ಯಾಂಕಿನ ಗಳಿಕೆ, ಲಾಭಾಂಶ ಮತ್ತು ನಮ್ಮ ತಾಳ್ಮೆಯಿಂದ; ಚೂರುಗಳ ಎಣಿಕೆಯಿಂದಲ್ಲ.

ಭಗವಾನರು ಹೇಳಿದ ಎಂಟು ಲೋಕಧಮ್ಮಗಳಲ್ಲಿ ಮೊದಲ ಜೋಡಿ ಲಾಭ–ಅಲಾಭ. ನನ್ನನ್ನು ಅಲುಗಿಸಿದ್ದು ಅವುಗಳ ನೆರಳು ಮಾತ್ರ. ನೆರಳಿಗೇ ನಡುಗುವ ಮನಸ್ಸು ನಿಜವಾದ ನಷ್ಟ ಬಂದಾಗ ಹೇಗೆ ನಿಂತೀತು?

ಇಂದು ಭಯವೋ ಹಿಗ್ಗೋ ಎದ್ದರೆ, ಮೂರು ಉಸಿರು ತಡೆದು ಕೇಳಿಕೊಳ್ಳೋಣ: ನಿಜಕ್ಕೂ ಬದಲಾದದ್ದು ಏನು?

ಸರ್ವರಿಗೂ ಮಂಗಳವಾಗಲಿ ☸️