ಟ್ರೇಲರ್ ಹಿಂದಕ್ಕೆ ಬಿಡುವ ಅಧಿಕಾರ ಯಾರಿಗೆ?

‘ಅಧಿಕಾರ’ ಎಂದ ಕೂಡಲೇ ಇಂದು ನಮಗೆ ನೆನಪಾಗುವುದು ಕುರ್ಚಿ, ಹಕ್ಕು, ದರ್ಪ. ಅಧಿಕಾರಿ ಎಂದರೆ ಕಾಗದಕ್ಕೆ ಸಹಿ ಹಾಕುವವರು. ಆದರೆ ನಮ್ಮ ಶಾಸ್ತ್ರಗಳಲ್ಲಿ ಈ ಪದಕ್ಕೆ ಇನ್ನೊಂದು ಅರ್ಥವಿದೆ. ವೇದಾಂತ ಗ್ರಂಥಗಳು ವಿಷಯ ಪ್ರವೇಶಕ್ಕೆ ಮೊದಲು ನಾಲ್ಕು ಅನುಬಂಧಗಳನ್ನು ಹೇಳುವ ಸಂಪ್ರದಾಯವಿದೆ: ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ. ಮೊದಲ ಪ್ರಶ್ನೆಯೇ, ಈ ವಿದ್ಯೆಗೆ ಬೇಕಾದ ಸಿದ್ಧತೆ ಯಾರಿಗಿದೆ ಎಂಬುದು. ಕಠೋಪನಿಷತ್ತಿನಲ್ಲಿ ಯಮಧರ್ಮನು ನಚಿಕೇತನಿಗೆ ಮೂರು ವರಗಳನ್ನು ಕೊಟ್ಟಿದ್ದಾನೆ. ಆದ್ದರಿಂದ ಕೇಳುವ ಹಕ್ಕು ಹುಡುಗನಿಗೆ ಇದ್ದೇ ಇತ್ತು. ಆದರೂ ಯಮನು ಸಂಪತ್ತು, ದೀರ್ಘಾಯುಷ್ಯಗಳ ಆಸೆ ತೋರಿಸಿ ಪರೀಕ್ಷಿಸಿದ. ಹಕ್ಕು ವರದಿಂದ ಬಂದಿತ್ತು. ಅರ್ಹತೆ ಇದೆಯೇ ಎಂಬುದನ್ನು ನೋಡಬೇಕಾಗಿತ್ತು.

ಹಕ್ಕು ಮತ್ತು ಅರ್ಹತೆಗಳ ಈ ವ್ಯತ್ಯಾಸವನ್ನು ತೀರಾ ಲೌಕಿಕವಾದ ಒಂದು ವಿಷಯಕ್ಕೆ ಹಚ್ಚಿ ನೋಡೋಣ. ಬೇಸಿಗೆ ಬಂತೆಂದರೆ ಅಮೆರಿಕೆಯಲ್ಲಿ ದೊಡ್ಡ ಟ್ರಾವೆಲ್ ಟ್ರೇಲರ್‌ಗಳು ರಸ್ತೆಗಿಳಿಯುತ್ತವೆ. ನಮ್ಮವರಲ್ಲೂ ಕೆಲವರು ಬಾಡಿಗೆಗೆ ಪಡೆದು, ನಿವೃತ್ತಿಯಾದ ಕೆಲವರು ಕೊಂಡುಕೊಂಡು, ನ್ಯಾಷನಲ್ ಪಾರ್ಕುಗಳಿಗೆ ಹೊರಡುತ್ತಾರೆ. ನಮ್ಮದೇ ಅಡುಗೆಮನೆ, ನಮ್ಮದೇ ಹಾಸಿಗೆ. ಊರಿನಿಂದ ಬಂದ ಅಪ್ಪ ಅಮ್ಮನಿಗೆ ಎಲ್ಲಿ ಹೋದರೂ ಬಿಸಿ ಅನ್ನ, ಸಾರು. ಆಸೆ ಸಹಜವಾದದ್ದೇ. ಆದರೆ ಮೂವತ್ತು ಅಡಿ ಉದ್ದದ ಇಂಥ ಟ್ರೇಲರ್ ಸಾಮಾನು, ನೀರು ತುಂಬಿಕೊಂಡಾಗ ಏಳೆಂಟು ಸಾವಿರ ಪೌಂಡ್ ತೂಗಬಹುದು. ಒಂದು ಸಣ್ಣ ಮನೆಯನ್ನೇ ಬೆನ್ನಿಗೆ ಕಟ್ಟಿಕೊಂಡು ಹೋದಂತೆ.

ಇದನ್ನು ಎಳೆಯಲು ಲೈಸೆನ್ಸ್ ಏನು ಬೇಕು? ಅಮೆರಿಕೆಯ ಬಹುತೇಕ ರಾಜ್ಯಗಳಲ್ಲಿ, ಈ ತೂಕದವರೆಗೆ, ಕಾರು ಓಡಿಸುವ ಸಾಮಾನ್ಯ ಲೈಸೆನ್ಸ್ ಸಾಕು. ಕ್ಯಾಲಿಫೋರ್ನಿಯಾದಲ್ಲಿ 10,000 ಪೌಂಡಿಗಿಂತ ಹೆಚ್ಚು ತೂಕಕ್ಕೆ ನಿಗದಿಯಾದ ಟ್ರಾವೆಲ್ ಟ್ರೇಲರ್ ಎಳೆಯಲು ಬೇರೆ ದರ್ಜೆಯ ಲೈಸೆನ್ಸ್ ಬೇಕು. ಅದಕ್ಕಿಂತ ಕಡಿಮೆಯಾದರೆ ಬೇಡ. ಜರ್ಮನಿಯಲ್ಲಿ ನಿಯಮ ಬಿಗಿ. ಅಲ್ಲಿ ಟ್ರೇಲರ್ 750 ಕಿಲೋ ಮೀರಿ, ಕಾರು ಮತ್ತು ಟ್ರೇಲರ್ ಎರಡರ ಒಟ್ಟು ತೂಕ 3,500 ಕಿಲೋ ದಾಟಿದರೆ ಪ್ರತ್ಯೇಕ ತರಬೇತಿ ಪಡೆಯಬೇಕು; 4,250 ಕಿಲೋ ದಾಟಿದರೆ ಪರೀಕ್ಷೆಯನ್ನೇ ಪಾಸು ಮಾಡಬೇಕು.

ಬ್ರಿಟನ್ನಿನ ಕಥೆ ಇನ್ನೂ ಸ್ವಾರಸ್ಯವಾಗಿದೆ. 1997ರಿಂದೀಚೆಗೆ ಕಾರಿನ ಪರೀಕ್ಷೆ ಪಾಸಾದವರು ಅಲ್ಲಿ ದೊಡ್ಡ ಟ್ರೇಲರ್ ಎಳೆಯಲು ಇನ್ನೊಂದು ಪರೀಕ್ಷೆ ಕೊಡಬೇಕಾಗಿತ್ತು. 2021ರಲ್ಲಿ ಲಾರಿ ಚಾಲಕರ ಕೊರತೆ ಉಂಟಾಗಿ, ಅವರ ಪರೀಕ್ಷೆಗೆ ಹೆಚ್ಚು ಸಮಯ ಸಿಗಲೆಂದು ಸರ್ಕಾರ ಟ್ರೇಲರ್ ಪರೀಕ್ಷೆಯನ್ನು ಕೈಬಿಟ್ಟಿತು. ಆ ವರ್ಷದ ಡಿಸೆಂಬರ್ 16ರಿಂದ ಕಾರಿನ ಲೈಸೆನ್ಸ್ ಇದ್ದವರೆಲ್ಲ 3,500 ಕಿಲೋವರೆಗಿನ ಟ್ರೇಲರ್ ಎಳೆಯಬಹುದು.

ಡಿಸೆಂಬರ್ 15ರ ರಾತ್ರಿ ಮಲಗುವಾಗ ಅನುಮತಿ ಇಲ್ಲದವನಿಗೆ ಬೆಳಗ್ಗೆ ಏಳುವಾಗ ಅನುಮತಿ ಇತ್ತು. ನಿದ್ದೆಯಲ್ಲಿ ಅವನು ಕಲಿತದ್ದೇನು? ಏನೂ ಇಲ್ಲ. ಕಾನೂನು ಬದಲಾಯಿತು, ಕೈ ಬದಲಾಗಲಿಲ್ಲ. ಕಾನೂನು ಕೊಡುವುದು ಹಕ್ಕನ್ನು ಮಾತ್ರ. ಹಾಗಿದ್ದರೆ ಕಾನೂನು ಕೇಳದೆ ಇದ್ದಾಗ ಅರ್ಹತೆ ಸಂಪಾದಿಸುವ ಹೊಣೆ ಯಾರದು?

“ಇಪ್ಪತ್ತೈದು ವರ್ಷದಿಂದ ಕಾರು ಓಡಿಸುತ್ತಿದ್ದೇನೆ, ಒಂದು ಟಿಕೆಟ್ಟೂ ಇಲ್ಲ. ಇದರಲ್ಲೇನು ಕಲಿಯುವುದು?” ಎಂದು ಕೇಳುವವರಿದ್ದಾರೆ. ಮುಂದಕ್ಕೆ ಹೋಗುವಾಗ ಈ ಮಾತು ಅರ್ಧ ನಿಜವೆನ್ನಬಹುದು. ತಿರುವಿನಲ್ಲಿ ಅಗಲವಾಗಿ ತಿರುಗಿಸಿ, ಮುಂದಿನ ವಾಹನದಿಂದ ದೂರವಿದ್ದು, ನಿಧಾನವಾಗಿ ಹೋದರೆ ಟ್ರೇಲರ್ ಹಿಂಬಾಲಿಸುತ್ತದೆ. ಅಲ್ಲಿಯೂ ಅರ್ಧ ಮಾತ್ರ. ಏಕೆಂದರೆ ಟ್ರೇಲರಿನ ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಭಾಗ ಹಿಚ್‌ನ ಮೇಲೆ ಕೂರಬೇಕು. ಭಾರದ ಸಾಮಾನನ್ನೆಲ್ಲ ಹಿಂಭಾಗದಲ್ಲಿ ತುಂಬಿದರೆ ವೇಗದಲ್ಲಿ ಟ್ರೇಲರ್ ಬಾಲದಂತೆ ಅತ್ತಿತ್ತ ತೂಗಲು ಶುರುವಾಗುತ್ತದೆ. ಆಗ ಗಾಬರಿಯಿಂದ ಬ್ರೇಕ್ ಒತ್ತಿದರೆ ಇನ್ನೂ ಅಪಾಯ. ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಸ್ಟಿಯರಿಂಗನ್ನು ನೇರ ಹಿಡಿದು, ಟ್ರೇಲರಿನ ಬ್ರೇಕನ್ನು ಮಾತ್ರ ಕೈಯಿಂದ ಮೆಲ್ಲಗೆ ಹಾಕಬೇಕು. ಇದು ಕಾರು ಓಡಿಸಿದ ಅನುಭವದಿಂದ ತಾನಾಗಿ ಬರುವುದಿಲ್ಲ.

ಹಿಂದಕ್ಕೆ ಬಿಡುವಾಗಲಂತೂ ಹಳೆಯ ಅನುಭವವೇ ಅಡ್ಡಿ. ಟ್ರೇಲರ್ ಹಿಚ್‌ನ ಬಳಿ ತಿರುಗುವುದರಿಂದ ಎಲ್ಲವೂ ಉಲ್ಟಾ. ಸ್ಟಿಯರಿಂಗನ್ನು ಬಲಕ್ಕೆ ತಿರುಗಿಸಿದರೆ ಟ್ರೇಲರಿನ ಹಿಂಭಾಗ ಎಡಕ್ಕೆ ಹೋಗುತ್ತದೆ. ಅದಕ್ಕೇ ಕಲಿಸುವವರು ಒಂದು ಉಪಾಯ ಹೇಳುತ್ತಾರೆ: ಸ್ಟಿಯರಿಂಗಿನ ಕೆಳಭಾಗವನ್ನು ಹಿಡಿಯಿರಿ, ಟ್ರೇಲರ್ ಯಾವ ಕಡೆ ಹೋಗಬೇಕೋ ಕೈಯನ್ನು ಆ ಕಡೆಗೆ ಸರಿಸಿ. ಒಮ್ಮೆ ತಿರುಗಲು ಶುರುವಾದ ಮೇಲೆ ಸ್ಟಿಯರಿಂಗನ್ನು ಮತ್ತೆ ಎದುರು ದಿಕ್ಕಿಗೆ ತಂದು ಟ್ರೇಲರನ್ನು ಹಿಂಬಾಲಿಸಬೇಕು. ತಡಮಾಡಿದರೆ ಟ್ರಕ್ಕೂ ಟ್ರೇಲರೂ ಮಡಚುವ ಚಾಕುವಿನಂತೆ ಮಡಚಿಕೊಂಡು ಒಂದಕ್ಕೊಂದು ತಾಗುತ್ತವೆ. ಹೆಚ್ಚು ತಿರುಗಿಸಿ ಸರಿಪಡಿಸಲು ಹೋದಷ್ಟೂ ಕೆಡುತ್ತದೆ. ಕೆಟ್ಟಿತೆನ್ನಿಸಿದರೆ ಇರುವ ಮದ್ದು ಒಂದೇ: ನಿಲ್ಲಿಸಿ, ಮುಂದಕ್ಕೆ ಎಳೆದು ನೇರ ಮಾಡಿಕೊಂಡು, ಮತ್ತೆ ಪ್ರಯತ್ನಿಸುವುದು.

ಲಾರಿ ಚಾಲಕರಿಗೆ ಇಲ್ಲಿ ಕಲಿಸುವ ಒಂದು ನಿಯಮವಿದೆ: ‘ಗೆಟ್ ಔಟ್ ಅಂಡ್ ಲುಕ್’. ಇಳಿ, ನೋಡು. ಹಿಂದಕ್ಕೆ ಬಿಡುವ ಮೊದಲು ಇಳಿದು ಸುತ್ತ ನೋಡಬೇಕು. ನಡುವೆ ಸಂಶಯ ಬಂದರೆ ಮತ್ತೆ ಇಳಿಯಬೇಕು. ನೀರಿನ ನಲ್ಲಿ, ಕರೆಂಟಿನ ಕಂಬ, ಮೇಲೆ ಮರದ ಕೊಂಬೆ. ಎಲ್ಲಕ್ಕಿಂತ ಮುಖ್ಯವಾಗಿ, ಕ್ಯಾಂಪ್‌ಗ್ರೌಂಡಿನಲ್ಲಿ ಸಂಜೆ ಹೊತ್ತು ಪುಟ್ಟ ಸೈಕಲ್ ತುಳಿಯುವ ಮಕ್ಕಳು. ಟ್ರೇಲರಿನ ನೇರ ಹಿಂದೆ ನಿಂತ ಮಗು ಯಾವ ಕನ್ನಡಿಯಲ್ಲೂ ಕಾಣುವುದಿಲ್ಲ. ಹಿಂದೆ ಕಾದಿರುವ ಎರಡು ಗಾಡಿಯವರು ಏನೆಂದುಕೊಳ್ಳುತ್ತಾರೋ ಎಂಬ ಸಂಕೋಚದಿಂದ ಇಳಿಯದೆ ಉಳಿಯುವವರೇ ಹೆಚ್ಚು. ಇಳಿಯಲು ಬೇಕಾದದ್ದು ಅರ್ಧ ನಿಮಿಷ, ಜೊತೆಗೆ ಸ್ವಲ್ಪ ವಿನಯ. ವಿನಯವನ್ನು ನಾವು ಮಾತಿನ ಗುಣವೆಂದುಕೊಂಡಿದ್ದೇವೆ. ಇಲ್ಲಿ ಅದು ಕಾಲಿನ ಕೆಲಸ.

ಹಿಂದೆ ನಿಂತು ದಾರಿ ತೋರುವವರ ಮಾತು ಕೇಳುವುದೂ ಅರ್ಹತೆಯ ಒಂದು ಭಾಗ. ನಮ್ಮೂರಿನ ಬಸ್ ಸ್ಟ್ಯಾಂಡ್ ನೆನಪಿದ್ದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಸ್ಸು ರಿವರ್ಸ್ ತೆಗೆಯುವಾಗ ಕಂಡಕ್ಟರ್ ಕೆಳಗಿಳಿದು ಹಿಂದೆ ಹೋಗಿ “ಬರ್ಲಿ, ಬರ್ಲಿ” ಎನ್ನುತ್ತಿದ್ದ. “ಹೋಲ್ಡಾನ್” ಎಂದರೆ ಎಂಥ ಹಿರಿಯ ಡ್ರೈವರ್ ಆದರೂ ಬ್ರೇಕ್ ಒತ್ತುತ್ತಿದ್ದ, ವಾದ ಮಾಡುತ್ತಿರಲಿಲ್ಲ. ಸ್ಟಿಯರಿಂಗ್ ಒಬ್ಬರ ಕೈಯಲ್ಲಿ, ತಿಳಿವಳಿಕೆ ಇನ್ನೊಬ್ಬರ ಕಣ್ಣಿನಲ್ಲಿ.

ಕ್ಯಾಂಪ್‌ಗ್ರೌಂಡಿನಲ್ಲಿ ಆ ಕಂಡಕ್ಟರ್ ಕೆಲಸ ಸಾಮಾನ್ಯವಾಗಿ ಹೆಂಡತಿಯ ಪಾಲಿಗೆ ಬರುತ್ತದೆ. ಗಂಡ ಗಾಜು ಏರಿಸಿಕೊಂಡು ಒಳಗಿರುತ್ತಾನೆ, ಆಕೆಯ ಕೂಗು ಕೇಳಿಸುವುದಿಲ್ಲ, ಆಮೇಲೆ “ಸರಿಯಾಗಿ ಹೇಳಬಾರದಿತ್ತೇ?” ಎಂದು ಮಕ್ಕಳ ಎದುರಿಗೇ ರೇಗಾಟ. ಇದನ್ನು ತಪ್ಪಿಸುವ ದಾರಿ ಸುಲಭ. ಹೊರಡುವ ಮೊದಲೇ ಕೈಸನ್ನೆಗಳನ್ನು ಇಬ್ಬರೂ ಗೊತ್ತುಮಾಡಿಕೊಳ್ಳಬೇಕು. ದಾರಿ ತೋರುವವರು ಚಾಲಕನಿಗೆ ಕನ್ನಡಿಯಲ್ಲಿ ಕಾಣುವ ಜಾಗದಲ್ಲೇ ನಿಲ್ಲಬೇಕು. ಅವರು ಕಣ್ಣಿಗೆ ಕಾಣದಾದ ಕ್ಷಣ ಗಾಡಿ ನಿಲ್ಲಬೇಕು. ಹಾಗೆಂದು ಅನಾಹುತವಾದರೆ “ನೀನೇ ಬಾ ಅಂದೆಯಲ್ಲ” ಎನ್ನುವಂತಿಲ್ಲ. ಸ್ಟಿಯರಿಂಗ್ ಹಿಡಿದವರದೇ ಕೊನೆಯ ಹೊಣೆ. ಸಲಹೆ ಕೇಳುವುದರಿಂದ ಹೊಣೆ ವರ್ಗವಾಗುವುದಿಲ್ಲ.

ಇಲ್ಲಿ ನ್ಯಾಯವಾದ ಒಂದು ಆಕ್ಷೇಪವಿದೆ. ಅರ್ಹರಾದವರೇ ಆರಂಭಿಸಬೇಕೆಂದರೆ ಯಾರೂ ಆರಂಭಿಸುವಂತೆಯೇ ಇಲ್ಲ. ನೀರಿಗಿಳಿಯದೆ ಈಜು ಬಂದೀತೇ? ನಿಜ, ಮೊದಲ ದಿನ ಎಲ್ಲರೂ ಅನರ್ಹರೇ. ಆದರೆ ನಮ್ಮ ಹಿರಿಯರು ಮಕ್ಕಳನ್ನು ಈಜು ಕಲಿಸಲು ತುಂಬಿ ಹರಿಯುವ ಹೊಳೆಗೆ ಇಳಿಸುತ್ತಿರಲಿಲ್ಲ. ಸೊಂಟಕ್ಕೆ ಹಗ್ಗ, ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಬಾವಿಗೋ ಕೆರೆಗೋ ಇಳಿಸುತ್ತಿದ್ದರು. ಪ್ರತಿಯೊಂದು ಕಲಿಕೆಗೂ ತಪ್ಪುಗಳ ರೂಪದಲ್ಲಿ ಒಂದು ಬೆಲೆ ಇದೆ. ಧರ್ಮದ ಪ್ರಶ್ನೆ ಇರುವುದು ಆ ಬೆಲೆಯನ್ನು ಯಾರು ತೆರುತ್ತಾರೆ ಎಂಬಲ್ಲಿ. ಖಾಲಿ ಪಾರ್ಕಿಂಗ್ ಲಾಟಿನಲ್ಲಿ, ಅನುಮತಿ ಪಡೆದು, ನಾಲ್ಕು ಪ್ಲಾಸ್ಟಿಕ್ ಕೋನ್ ಇಟ್ಟು ಎರಡು ಶನಿವಾರ ಅಭ್ಯಾಸ ಮಾಡಿದರೆ ತಪ್ಪಿನ ಬೆಲೆ ಒಂದು ಕೋನ್. ಅದೇ ತಪ್ಪನ್ನು ಮೊದಲ ಬಾರಿಗೆ ಕತ್ತಲಾದ ಮೇಲೆ ಕ್ಯಾಂಪ್‌ಗ್ರೌಂಡಿನಲ್ಲಿ ಮಾಡಿದರೆ ಬೆಲೆ ತೆರುವವರು ಬೇರೆಯವರು. ಅವರು ಇದಕ್ಕೆ ಒಪ್ಪಿಗೆ ಕೊಟ್ಟಿಲ್ಲ. ಅವರನ್ನು ಯಾರೂ ಕೇಳಿಯೂ ಇಲ್ಲ.

ಎಲ್ಲಿಗೆ ಹೋಗಬಾರದು ಎಂದು ಅರಿಯುವುದೂ ಅರ್ಹತೆಯೇ. ಮೊಂಟಾನಾದ ಗ್ಲೇಷಿಯರ್ ನ್ಯಾಷನಲ್ ಪಾರ್ಕಿನ ‘ಗೋಯಿಂಗ್ ಟು ದ ಸನ್’ ರಸ್ತೆಯ ಬೆಟ್ಟದ ಭಾಗದಲ್ಲಿ 21 ಅಡಿಗಿಂತ ಉದ್ದದ ವಾಹನಕ್ಕೆ ಪ್ರವೇಶವಿಲ್ಲ. ಎಳೆಯುವ ಟ್ರಕ್ಕು, ಟ್ರೇಲರ್ ಎರಡರ ಉದ್ದವನ್ನೂ ಸೇರಿಸಿಯೇ ಈ ಲೆಕ್ಕ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತವಿರುವ ಆ ದಾರಿಯಲ್ಲಿ ತಿರುಗಿಸಲು ಜಾಗವಿಲ್ಲ. ಟ್ರೇಲರನ್ನು ಕೆಳಗೆ ಬಿಟ್ಟು ಹೋಗುವವರು ಹೇಡಿಗಳಲ್ಲ, ಲೆಕ್ಕ ಬಲ್ಲವರು.

ಈ ಮಾತು ಟ್ರೇಲರಿಗೆ ಮಾತ್ರ ಸಲ್ಲುವಂಥದಲ್ಲ. ಮನೆಯ ಯಜಮಾನಿಕೆ, ಆಫೀಸಿನ ಮ್ಯಾನೇಜರ್ ಪದವಿ, ನಮ್ಮ ಸಂಘಗಳ ಸಮಿತಿ, ಎಲ್ಲ ಕಡೆಯೂ ಹಕ್ಕು ಒಂದು ದಿನದಲ್ಲಿ ಕೈಗೆ ಬರುತ್ತದೆ, ಅರ್ಹತೆ ಬರಲು ತಿಂಗಳುಗಳು ಬೇಕು. ನಡುವಿನ ಆ ಅವಧಿಯಲ್ಲಿ ನಾವು ಮಾಡುವ ತಪ್ಪುಗಳ ಭಾರ ನಮ್ಮನ್ನು ನಂಬಿ ಹಿಂದೆ ಬರುವವರ ಮೇಲೆ ಬೀಳುತ್ತದೆ. ಆದ್ದರಿಂದ ಕಾನೂನು ಕೇಳದಿದ್ದರೂ ನಮಗೆ ನಾವೇ ಪರೀಕ್ಷೆ ಇಟ್ಟುಕೊಳ್ಳುವುದು ಧರ್ಮ. ಈ ಬೇಸಿಗೆಯಲ್ಲಿ ಟ್ರೇಲರ್ ಕಟ್ಟಿಕೊಂಡು ಹೊರಡುವವರು ಮೊದಲು ಎರಡು ಶನಿವಾರಗಳನ್ನು ಖಾಲಿ ಜಾಗದಲ್ಲಿ ಕಳೆಯಲಿ, ಸಂಶಯ ಬಂದಾಗಲೆಲ್ಲ ನಾಚದೆ ಇಳಿದು ನೋಡಲಿ. ಅವರ ಪ್ರಯಾಣವೂ, ಅವರ ಹಿಂದೆ ಮುಂದೆ ಇರುವವರ ಪ್ರಯಾಣವೂ ಸುಖಕರವಾಗಲಿ.