ಯಾರು, ಯಾರಿಗೆ, ಯಾವ ಸಂದರ್ಭದಲ್ಲಿ?

ಧರ್ಮಗ್ರಂಥದ ಮಾತು ಒಂದು, ಆ ಮಾತನ್ನು ಎತ್ತಿಕೊಂಡು ನಾವು ಹೂಡುವ ವಾದ ಇನ್ನೊಂದು. ಇವೆರಡರ ನಡುವಿನ ಅಂತರವನ್ನು ಮರೆತರೆ ಏನಾಗುತ್ತದೆ ಎಂದು ತಿಳಿಯಬೇಕಾದರೆ ಇಸ್ರೇಲ್ ಮತ್ತು ಪ್ಯಾಲೆಸ್ತೀನಿನ ನೆಲದ ಜಗಳವನ್ನು ನೋಡಬೇಕು. ಆ ನೆಲದ ಮೇಲೆ ಯೆಹೂದ್ಯರಿಗೆ ಹಕ್ಕುಂಟೋ ಇಲ್ಲವೋ ಎಂಬ ಚರ್ಚೆಯಲ್ಲಿ ಬೈಬಲ್ಲಿನ ಮಾತು ಬರುವುದು ಸಹಜ. ಆದರೆ ಕುರಾನಿನ ವಚನಗಳೂ ಬರುತ್ತವೆ, ಅದೂ ಎರಡು ಕಡೆಯಿಂದ. "ನೋಡಿ, ನಿಮ್ಮ ಗ್ರಂಥವೇ ಆ ನೆಲ ಅವರದು ಎನ್ನುತ್ತದೆ" ಎಂದು ಒಬ್ಬರು. "ಇಲ್ಲ, ಅವರು ದೇವರಿಗೆ ಕೊಟ್ಟ ಮಾತಿಗೆ ತಪ್ಪಿದರು, ಹಕ್ಕು ಕಳೆದುಕೊಂಡರು ಎಂದೂ ಅದೇ ಗ್ರಂಥ ಹೇಳುತ್ತದೆ" ಎಂದು ಇನ್ನೊಬ್ಬರು. ಮೊದಲನೆಯವರಲ್ಲಿ ಹಲವರಿಗೆ ಕುರಾನಿನಲ್ಲಿ ನಂಬಿಕೆಯೇ ಇರುವುದಿಲ್ಲ. ತಾನು ನಂಬದ ಗ್ರಂಥವನ್ನು ಎದುರಿನವರ ಬಾಯಿ ಮುಚ್ಚಿಸುವುದಕ್ಕೆ ಬಳಸುವುದು ನ್ಯಾಯವೇ? ನಂಬುವವರಾದರೂ ಅದನ್ನು ಮತ್ತೊಬ್ಬರ ಮನೆಯ ಮೇಲೆ ಹಕ್ಕು ಸಾಧಿಸಲು ಬಳಸಬಹುದೇ?

ಕನ್ನಡದ ಪ್ರಶ್ನೆಪತ್ರಿಕೆಯಲ್ಲಿ ನಾವೆಲ್ಲರೂ ಬಲ್ಲ ಒಂದು ಪ್ರಶ್ನೆಯುಂಟು. ಒಂದು ವಾಕ್ಯ ಕೊಟ್ಟು, ಇದನ್ನು ಯಾರು, ಯಾರಿಗೆ, ಯಾವ ಸಂದರ್ಭದಲ್ಲಿ ಹೇಳಿದರು ಎಂದು ಕೇಳುವುದು. ಆಮೇಲೆ ಅದರ ಸ್ವಾರಸ್ಯವನ್ನು ವಿವರಿಸಬೇಕು. ಸಂದರ್ಭ ತಪ್ಪಿದರೆ ಸ್ವಾರಸ್ಯಕ್ಕೆ ಅಂಕವಿಲ್ಲ. ಹದಿಮೂರು ಹದಿನಾಲ್ಕು ವರ್ಷದ ಮಕ್ಕಳಿಂದ ನಾವು ಕಡ್ಡಾಯವಾಗಿ ಬಯಸುವ ಈ ಶಿಸ್ತನ್ನು ದೊಡ್ಡವರ ವಾದದಲ್ಲಿ ಯಾಕೆ ಬಯಸಬಾರದು? ನನಗೆ ಅರಬ್ಬಿ ಬಾರದು. ಅನುವಾದಗಳಲ್ಲಿ ಓದಿದ್ದನ್ನು ಈ ಮೂರು ಪ್ರಶ್ನೆಗಳಿಗೆ ಒಡ್ಡಿ ನೋಡುವುದಷ್ಟೇ ಇಲ್ಲಿ ನಾನು ಮಾಡುವ ಕೆಲಸ.

ಈ ಚರ್ಚೆಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬರುವುದು ಐದನೆಯ ಅಧ್ಯಾಯದ 21ನೆಯ ವಚನ. ದೇವರು ನಿಮಗಾಗಿ ಬರೆದಿಟ್ಟಿರುವ ಪವಿತ್ರ ನೆಲವನ್ನು ಪ್ರವೇಶಿಸಿ, ಹಿಂದಿರುಗಬೇಡಿ ಎಂಬುದು ಅದರ ಸಾರಾಂಶ. ಹೇಳಿದವರು ಯಾರು? ಪ್ರವಾದಿ ಮೂಸಾ, ಬೈಬಲ್ಲಿನ ಮೋಶೆ. ಯಾರಿಗೆ? ಈಜಿಪ್ಟಿನ ಫರೋಹನ ದಾಸ್ಯದಿಂದ ಆಗತಾನೆ ಬಿಡುಗಡೆ ಹೊಂದಿದ ತನ್ನ ಜನರಿಗೆ. ಯಾವ ಸಂದರ್ಭದಲ್ಲಿ? ಆ ಜನ ಮುಂದೆ ಹೆಜ್ಜೆಯಿಡಲು ಹೆದರಿ ನಿಂತಾಗ. ಅಲ್ಲಿ ಬಲಿಷ್ಠರಿದ್ದಾರೆ, ಬೇಕಾದರೆ ನೀನೂ ನಿನ್ನ ದೇವರೂ ಹೋಗಿ ಕಾದಾಡಿ, ನಾವು ಇಲ್ಲೇ ಕೂತಿರುತ್ತೇವೆ ಎಂದುಬಿಡುತ್ತಾರೆ ಅವರು. ಆ ಅವಿಧೇಯತೆಗಾಗಿ ಆ ನೆಲ ಅವರಿಗೆ ನಲವತ್ತು ವರ್ಷ ನಿಷಿದ್ಧವಾಗುತ್ತದೆ. ಅಂದರೆ ಈ ಭಾಗದ ತಿರುಳು ಭಯ, ನಂಬಿಕೆ ಮತ್ತು ಅವಿಧೇಯತೆ. ಎಲ್ಲೆ ಎಲ್ಲಿ, ಚೆಕ್ಕುಬಂದಿ ಏನು ಎಂಬ ವಿವರ ಅಲ್ಲಿಲ್ಲ. ಪವಿತ್ರ ನೆಲವೆಂದರೆ ಯಾವುದು ಎಂಬುದರಲ್ಲಿಯೇ ಹಳೆಯ ವ್ಯಾಖ್ಯಾನಕಾರರಿಗೆ ಒಮ್ಮತವಿರಲಿಲ್ಲ. ಸಿನಾಯ್ ಬೆಟ್ಟದ ಸುತ್ತಲಿನ ಪ್ರದೇಶ, ಜೆರಿಕೋ ಪಟ್ಟಣ, ಡಮಾಸ್ಕಸ್ ಮತ್ತು ಪ್ಯಾಲೆಸ್ತೀನ್ ಎಂಬ ಹಲವು ಅಭಿಪ್ರಾಯಗಳನ್ನು ತಬರಿಯಂಥ ವಿದ್ವಾಂಸರು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ದಾಖಲಿಸಿದ್ದಾರೆ. "ಬರೆದಿಟ್ಟ" ಎಂಬುದಕ್ಕೆ ಬಳಕೆಯಾಗಿರುವ ಕ್ರಿಯಾಪದವೇ ಉಪವಾಸವನ್ನು ವಿಧಿಸಿದ ವಚನದಲ್ಲೂ ಇದೆ. ಕೊಟ್ಟದ್ದು ಎಂದೂ ಅರ್ಥವಾಗಬಹುದು, ಕರ್ತವ್ಯವಾಗಿ ವಿಧಿಸಿದ್ದು ಎಂದೂ ಅರ್ಥವಾಗಬಹುದು.

ಇದನ್ನು ಉದಾಹರಿಸುವವರು ಇನ್ನು ಅರ್ಧ ಪುಟ ಮುಂದೆ ಓದಬೇಕು. ನಲವತ್ತು ವರ್ಷದ ಅಲೆದಾಟದ ಮಾತು ಮುಗಿದೊಡನೆ ಬರುವುದು ಆದಮನ ಇಬ್ಬರು ಮಕ್ಕಳ ಕಥೆ. ಅಣ್ಣ ತಮ್ಮನನ್ನು ಕೊಲ್ಲುತ್ತಾನೆ. ಹೆಣವನ್ನು ಏನು ಮಾಡಬೇಕೆಂದು ತಿಳಿಯದೆ ನಿಂತವನಿಗೆ ಒಂದು ಕಾಗೆ ಮಣ್ಣು ಕೆದರಿ ತೋರಿಸುತ್ತದೆ. ಅದಾದ ಮೇಲೆ 32ನೆಯ ವಚನ. ಕೊಲೆಗಾಗಲಿ ನೆಲದಲ್ಲಿ ಎಸಗಿದ ಘೋರ ಕ್ಷೋಭೆಗಾಗಲಿ ಶಿಕ್ಷೆಯಾಗಿ ಅಲ್ಲದೆ ಒಂದು ಜೀವವನ್ನು ಕೊಂದವನು ಮನುಕುಲವನ್ನೇ ಕೊಂದಂತೆ, ಒಂದು ಜೀವವನ್ನು ಉಳಿಸಿದವನು ಎಲ್ಲರನ್ನೂ ಉಳಿಸಿದಂತೆ ಎಂಬ ಕಟ್ಟಳೆ. ಅದೂ ಇಸ್ರಾಯೇಲ್ ಸಂತತಿಗೆ ವಿಧಿಸಿದ್ದೆಂದೇ ಹೇಳಿದೆ. ನೆಲದ ಮಾತಿಗೂ ಅಣ್ಣತಮ್ಮಂದಿರ ರಕ್ತದ ಮಾತಿಗೂ ಅಲ್ಲಿ ಹತ್ತೇ ಸಾಲಿನ ದೂರ. ವಾದ ಮಾಡುವವರು ಮೊದಲನೆಯದನ್ನು ಕತ್ತರಿಸಿ ಇಟ್ಟುಕೊಂಡು ಎರಡನೆಯದನ್ನು ಬಿಟ್ಟುಬಿಡುತ್ತಾರೆ.

ಎರಡನೆಯ ಉದಾಹರಣೆ ಹದಿನೇಳನೆಯ ಅಧ್ಯಾಯದ 104ನೆಯ ವಚನ. ಫರೋಹನು ಮುಳುಗಿದ ಮೇಲೆ ಇಸ್ರಾಯೇಲ್ ಸಂತತಿಗೆ ನೆಲದಲ್ಲಿ ನೆಲೆಸಿರೆಂದು ಹೇಳಲಾಯಿತು, ಕೊನೆಯ ವಾಗ್ದಾನದ ಕಾಲ ಬಂದಾಗ ಅವರನ್ನೆಲ್ಲ ಒಟ್ಟುಗೂಡಿಸಲಾಗುವುದು ಎಂದು ಅದರ ಭಾವ. 1948ರಲ್ಲಿ ಇಸ್ರೇಲ್ ರಾಷ್ಟ್ರವಾದದ್ದನ್ನೇ ಇದು ಮುಂಚಿತವಾಗಿ ಸಾರಿತ್ತು ಎನ್ನುವವರಿದ್ದಾರೆ. ಇಟಲಿಯ ಮುಸ್ಲಿಂ ವಿದ್ವಾಂಸ ಅಬ್ದುಲ್ ಹಾದಿ ಪಲಾಜ಼ಿ ಈ ಎರಡು ವಚನಗಳನ್ನು ಹಿಡಿದು, ಅಲ್ಲಿ ಯೆಹೂದ್ಯರ ಆಳ್ವಿಕೆಗೆ ಕುರಾನಿನ ಒಪ್ಪಿಗೆಯಿದೆ ಎಂದು ವಾದಿಸಿದರು. ಕೊನೆಯ ವಾಗ್ದಾನವೆಂದರೆ ಅಂತಿಮ ತೀರ್ಪಿನ ದಿನ, ಒಟ್ಟುಗೂಡಿಸುವುದೆಂದರೆ ಆ ದಿನ ನ್ಯಾಯಸ್ಥಾನದ ಮುಂದೆ ಎಂಬುದು ವ್ಯಾಖ್ಯಾನಕಾರರಲ್ಲಿ ಬಹುಮಂದಿಯ ಓದು. ಅದೇ ಅಧ್ಯಾಯದ ಆರಂಭದಲ್ಲಿ, ಇಸ್ರಾಯೇಲ್ ಸಂತತಿ ಎರಡು ಬಾರಿ ನೆಲದಲ್ಲಿ ಅನ್ಯಾಯವೆಸಗುವುದು, ಎರಡು ಬಾರಿಯೂ ಅದಕ್ಕೆ ಶಿಕ್ಷೆಯಾಗುವುದು ಎಂಬ ಮಾತಿದೆ. ಅದನ್ನು ಹಿಡಿದುಕೊಂಡು ಇಂದಿನ ಇಸ್ರೇಲಿನ ನಾಶದ ದಿನವನ್ನು ಲೆಕ್ಕ ಹಾಕುವ ಪ್ರವಚನಕಾರರೂ ಇದ್ದಾರೆ. ಒಂದೇ ಅಧ್ಯಾಯ ಒಬ್ಬರಿಗೆ ಜನ್ಮಪತ್ರ, ಇನ್ನೊಬ್ಬರಿಗೆ ಮರಣಪತ್ರ! ಓದುವವನು ಮೊದಲೇ ತೀರ್ಮಾನ ಮಾಡಿಕೊಂಡು, ಆಮೇಲೆ ಗ್ರಂಥ ತೆರೆದರೆ ಹೀಗೇ ಆಗುವುದು.

ಹಾಗಾದರೆ ಈ ಗ್ರಂಥಗಳು ನೆಲದ ವಿಚಾರವಾಗಿ ಏನನ್ನೂ ಹೇಳುವುದಿಲ್ಲವೇ? ಹೇಳುತ್ತವೆ, ಆದರೆ ವಾದಿಗಳಿಗೆ ಬೇಕಾದುದನ್ನಲ್ಲ. ಕುರಾನಿನ ಏಳನೆಯ ಅಧ್ಯಾಯದಲ್ಲಿ ಮೂಸಾ ತನ್ನ ಜನರಿಗೆ ಹೇಳುವುದು, ನೆಲ ದೇವರದು, ಅದನ್ನು ತನಗೆ ಬೇಕಾದವರಿಗೆ ಅವನು ಕೊಡುತ್ತಾನೆ ಎಂದು. ಬೈಬಲ್ಲಿನ ಯಾಜಕಕಾಂಡದ ಇಪ್ಪತ್ತೈದನೆಯ ಅಧ್ಯಾಯವೂ ಅದನ್ನೇ ಹೇಳುತ್ತದೆ. ನೆಲ ದೇವರದಾದ್ದರಿಂದ ಅದನ್ನು ಶಾಶ್ವತವಾಗಿ ಮಾರಕೂಡದು, ನೀವು ಅಲ್ಲಿ ಪರದೇಶಿಗಳು, ತಂಗಲು ಬಂದವರು ಎಂದು. ಇನ್ನು ಇಬ್ರಾಹೀಮರು ತಮ್ಮ ಸಂತತಿಯ ಬಗ್ಗೆ ಕೇಳಿದಾಗ, ಈ ಒಡಂಬಡಿಕೆ ಅನ್ಯಾಯ ಮಾಡುವವರಿಗೆ ಸಲ್ಲದು ಎಂಬ ಉತ್ತರ ಕುರಾನಿನ ಎರಡನೆಯ ಅಧ್ಯಾಯದಲ್ಲಿದೆ. ನೆಲದ ಒಡೆಯ ದೇವರು, ಮನುಷ್ಯ ಬರೀ ಗೇಣಿದಾರ, ಅದೂ ನಡತೆಯ ಷರತ್ತಿನ ಮೇಲೆ. ಎರಡೂ ಗ್ರಂಥಗಳನ್ನು ಓದಿದಾಗ ನನಗೆ ಕಂಡದ್ದು ಇಷ್ಟು. ಗೇಣಿದಾರ ತನ್ನ ಗೇಣಿಚೀಟಿಯನ್ನೇ ಕ್ರಯಪತ್ರವೆಂದು ತೋರಿಸಿದರೆ ಯಾವ ನ್ಯಾಯಾಲಯ ಒಪ್ಪೀತು?

ಆದರೂ ರಾಜಕೀಯದವರು ಅದನ್ನು ಕ್ರಯಪತ್ರ ಮಾಡಿಯೇ ತೋರಿಸಿದರು. 1937ರಲ್ಲಿ ಬ್ರಿಟಿಷರ ಪೀಲ್ ಆಯೋಗದ ಮುಂದೆ ಡೇವಿಡ್ ಬೆನ್ ಗುರಿಯನ್, ತಮ್ಮ ಜನಕ್ಕೆ ಬೈಬಲ್ಲೇ ಅಧಿಕಾರಪತ್ರವೆಂಬ ಅರ್ಥದ ಮಾತಾಡಿದರು. 1988ರಲ್ಲಿ ಹಮಾಸ್ ತನ್ನ ಸನ್ನದಿನಲ್ಲಿ, ಇಡೀ ಪ್ಯಾಲೆಸ್ತೀನ್ ಅಂತಿಮ ದಿನದವರೆಗೂ ಮುಸ್ಲಿಮರ ವಕ್ಫ್ ಎಂದು ಬರೆಯಿತು. ಆಯಾ ಧರ್ಮದೊಳಗೇ ಇಂಥ ಓದನ್ನು ಒಪ್ಪದವರೂ ಇದ್ದರು ಎಂಬುದನ್ನು ನಾವು ಮರೆಯಬಾರದು. ನಿಷ್ಠಾವಂತ ಯೆಹೂದ್ಯ ಗುರು ಯೋಯೆಲ್ ಟೈಟೆಲ್‌ಬಾಮ್, ಮೆಸ್ಸೀಯ ಬರುವ ಮುನ್ನ ಮನುಷ್ಯರೇ ಬಲದಿಂದ ರಾಷ್ಟ್ರ ಕಟ್ಟುವುದು ಧರ್ಮಕ್ಕೆ ವಿರುದ್ಧವೆಂದು ಸಾರಿದರು. ಜೆರೂಸಲೇಮಿನ ವಿಜ್ಞಾನಿ ಯೆಶಾಯಾಹು ಲೈಬೋವಿಟ್ಸ್ ಆಚಾರವಂತರು, ಇಸ್ರೇಲ್ ರಾಷ್ಟ್ರವನ್ನು ಒಪ್ಪಿದವರು. ಅವರೇ 1967ರ ಯುದ್ಧದ ಗೆಲುವಿನ ಬೆನ್ನಲ್ಲೇ, ನೆಲವನ್ನು ಪೂಜಿಸುವುದು ವಿಗ್ರಹಾರಾಧನೆಯಾಗುತ್ತದೆ, ಇನ್ನೊಂದು ಜನಾಂಗವನ್ನು ಆಳುವುದು ನಮ್ಮನ್ನು ಕೆಡಿಸುತ್ತದೆ ಎಂದು ಎಚ್ಚರಿಸಿದರು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತನ್ನು ನೇರವಾಗಿ ಒಪ್ಪಿಕೊಳ್ಳಬೇಕು. ಯೆಹೂದ್ಯರಿಗೂ ಆ ಮಣ್ಣಿಗೂ ಸಂಬಂಧವೇ ಇಲ್ಲ, ಅವರು ಎಲ್ಲಿಂದಲೋ ಬಂದ ಹೊರಗಿನವರು ಎನ್ನುವ ಮಾತಿಗೆ ಕುರಾನಿನಲ್ಲಿ ಆಧಾರವಿಲ್ಲ. ಮೂಸಾ, ದಾವೂದ್, ಸುಲೈಮಾನರ ಹೆಸರುಗಳು ಆ ಗ್ರಂಥದ ತುಂಬ ಇವೆ. ಆ ಸಂಬಂಧವನ್ನು ನೆನಪಿಸಲು ವಚನವನ್ನು ತೋರಿಸಿದರೆ ತಪ್ಪಿಲ್ಲ. ತಪ್ಪಾಗುವುದು ಸಂಬಂಧದಿಂದ ಒಡೆತನಕ್ಕೆ ಜಿಗಿದಾಗ. ಹೆಣ್ಣುಮಕ್ಕಳಾದ ನಮಗೆ ಇದು ಬೇಗ ತಿಳಿಯುತ್ತದೆ. ಕಾನೂನು ಕೊಡುವ ಆಸ್ತಿಯ ಪಾಲಿನ ಮಾತು ಬೇರೆ, ಅದು ನಮಗೆ ಸಲ್ಲಲೇಬೇಕು. ಆದರೆ ತವರಿನ ನಂಟಿಗೆ ಪಹಣಿ ಬೇಕಿಲ್ಲ. ಅದನ್ನು ಯಾರೂ ಇಲ್ಲವೆನ್ನಲಾಗದು. ಆ ನಂಟನ್ನು ಹಿಡಿದು, ಈಗ ಅಲ್ಲಿ ಒಲೆ ಹೊತ್ತಿಸುತ್ತಿರುವವಳನ್ನು ಬೀದಿಗೆ ತಳ್ಳುವುದೂ ಆಗದು.

ಈ ವ್ಯತ್ಯಾಸವನ್ನು ಬಹಳ ಹಿಂದೆಯೇ ಕಂಡವರೊಬ್ಬರಿದ್ದರು. ಜೆರೂಸಲೇಮಿನ ಮೇಯರ್ ಆಗಿದ್ದ ಯೂಸುಫ್ ಜಿಯಾ ಖಾಲಿದಿ 1899ರ ಮಾರ್ಚ್ 1ರಂದು ಫ್ರಾನ್ಸಿನ ಮುಖ್ಯ ಯೆಹೂದ್ಯ ಗುರುವಿಗೆ ಒಂದು ಕಾಗದ ಬರೆದರು. ಅದು ಯೆಹೂದಿ ರಾಷ್ಟ್ರದ ಕನಸು ಹೊತ್ತಿದ್ದ ಥಿಯೋಡರ್ ಹರ್ಜ಼ಲ್‌ಗೆ ತಲುಪಿತು. ಆ ನೆಲದೊಂದಿಗೆ ಯೆಹೂದ್ಯರಿಗಿರುವ ಐತಿಹಾಸಿಕ ನಂಟನ್ನು ಅವರು ಮುಕ್ತವಾಗಿ ಒಪ್ಪಿಕೊಂಡಿದ್ದರು. ಆದರೆ ಅಲ್ಲಿ ಈಗ ಬೇರೆ ಜನ ಬದುಕುತ್ತಿದ್ದಾರೆ, ಆದ್ದರಿಂದ ದೇವರ ಹೆಸರಿನಲ್ಲಿ ಪ್ಯಾಲೆಸ್ತೀನನ್ನು ಅದರ ಪಾಡಿಗೆ ಬಿಡಿ ಎಂದು ಬೇಡಿಕೊಂಡಿದ್ದರು. ಯೆಹೂದ್ಯರು ಬಂದರೆ ಸ್ಥಳೀಯರಿಗೂ ಐಶ್ವರ್ಯ ಹೆಚ್ಚುತ್ತದೆ ಎಂದು ಹರ್ಜ಼ಲ್ ಉತ್ತರ ಬರೆದರು. ಖಾಲಿದಿ ಕೇಳಿದ್ದು ಐಶ್ವರ್ಯವನ್ನಲ್ಲ.

ಮುಂದಿನ ಚರಿತ್ರೆ ನಮಗೆ ಗೊತ್ತಿದೆ. ಯುರೋಪಿನಲ್ಲಿ ಹಿಟ್ಲರನ ಕಾಲದಲ್ಲಿ ಸುಮಾರು 60 ಲಕ್ಷ ಯೆಹೂದ್ಯರ ಕೊಲೆಯಾಯಿತು. ಓಡಿ ಬಂದವರಿಗೆ ಹಲವು ದೇಶಗಳು ಬಾಗಿಲು ಮುಚ್ಚಿದವು. 1948ರಲ್ಲಿ ಸುಮಾರು 7 ಲಕ್ಷ ಪ್ಯಾಲೆಸ್ತೀನಿಯರು ಮನೆ ಬಿಡಬೇಕಾಯಿತು. ಬೇಗ ಮರಳುತ್ತೇವೆಂದು ಬೀಗ ಹಾಕಿ ತಂದ ಕೀಲಿಕೈಗಳು ಇಂದಿಗೂ ನಿರಾಶ್ರಿತರ ಎಷ್ಟೋ ಮನೆಗಳಲ್ಲಿವೆ. 1950 ಮತ್ತು 51ರಲ್ಲಿ ಇರಾಕಿನಿಂದ 1 ಲಕ್ಷಕ್ಕೂ ಹೆಚ್ಚು ಯೆಹೂದ್ಯರು ಶತಶತಮಾನಗಳ ನೆಲೆಯನ್ನು ತೊರೆದು ಹೋದರು. 2023ರ ಅಕ್ಟೋಬರ್ 7ರಂದು ಇಸ್ರೇಲಿನಲ್ಲಿ ಸುಮಾರು 1,200 ಜನ ಹತರಾದರು, ಸುಮಾರು 250 ಜನ ಒತ್ತೆಯಾಳಾದರು. ಅದರ ನಂತರ ಗಾಜಾದಲ್ಲಿ ಹತ್ತಾರು ಸಾವಿರ ಜನ ಸತ್ತರು, ಅವರಲ್ಲಿ ಹೆಂಗಸರು ಮಕ್ಕಳು ಬಹಳ. ಈ ತಾಯಂದಿರಲ್ಲಿ ಯಾರ ಮುಂದೆ ನಿಂತು, ಅಮ್ಮಾ, ಇಂಥ ಅಧ್ಯಾಯದ ಇಂಥ ವಚನದ ಪ್ರಕಾರ ಆದದ್ದು ಸರಿಯೇ ಎಂದು ನಾವು ಹೇಳಬಲ್ಲೆವು? ಹೇಳಲು ನಾಲಿಗೆ ಏಳದ ಮಾತನ್ನು ಮೊಬೈಲಿನಲ್ಲಿ ಹತ್ತು ಜನಕ್ಕೆ ಕಳಿಸುವುದು ಮಾತ್ರ ಎಷ್ಟು ಸುಲಭ!

ಹಾಗಾದರೆ ಈ ಜಗಳ ತೀರುವುದು ಯಾವುದರಿಂದ ಎಂದು ನೀವು ಕೇಳಬಹುದು. ಮನುಷ್ಯ ಮಾಡಿದ ಕಾನೂನೂ ಒಪ್ಪಂದವೂ ಅಲ್ಲಿ ಸೋತಿವೆಯಲ್ಲ ಎನ್ನಬಹುದು. ಸೋತಿರುವುದು ನಿಜ. ಆದರೂ ಕಾನೂನನ್ನು ಇಬ್ಬರೂ ಒಂದೇ ಜಗಲಿಯ ಮೇಲೆ ಕೂತು ಪ್ರಶ್ನಿಸಬಹುದು, ತಿದ್ದಬಹುದು, ಕೊಟ್ಟು ತೆಗೆದುಕೊಳ್ಳಬಹುದು. ದೇವರ ಮಾತೆಂದು ತಂದಿಟ್ಟದ್ದರಲ್ಲಿ ಕೊಡುಕೊಳ್ಳುವಿಕೆ ಇಲ್ಲ. ಒಪ್ಪಬೇಕು, ಇಲ್ಲವೇ ಕಾದಾಡಬೇಕು. ಅದಕ್ಕಾಗಿಯೇ ವಚನವನ್ನು ಪಟ್ಟೆಯಂತೆ ಎದುರಿನವರಿಗೆ ತೋರಿಸಬಾರದು. ಅದನ್ನು ಓದುವವರು ತಮ್ಮ ಕಡೆಗೇ ತಿರುಗಿಸಿಕೊಳ್ಳಬೇಕು. ಮುಸ್ಲಿಮರಾದವರು ಆ ವಚನ ಓದಿ, ನೆರೆಯವನ ಹಳೆಯ ನಂಟನ್ನು ನಾನು ಒಪ್ಪಿದ್ದೇನೆಯೇ ಎಂದು ಕೇಳಿಕೊಳ್ಳಲಿ. ಯೆಹೂದ್ಯರು ತಮ್ಮ ಗ್ರಂಥ ಓದಿ, ಪರದೇಶಿಯಾಗಿದ್ದವನು ಪರದೇಶಿಯನ್ನು ಹೇಗೆ ನಡೆಸಿಕೊಂಡೆ ಎಂದು ಕೇಳಿಕೊಳ್ಳಲಿ. ಎರಡಕ್ಕೂ ಸೇರದ ನಾವು, ಬೇರೆಯವರ ಗ್ರಂಥದಿಂದ ಆರಿಸಿಕೊಳ್ಳುವುದು ದೀಪವನ್ನೋ ಕಲ್ಲನ್ನೋ ಎಂದು ಕೇಳಿಕೊಂಡರೆ ಸಾಕು.

ಬೈಬಲ್ಲಿನ ಆದಿಕಾಂಡದಲ್ಲಿ ಒಂದು ಪ್ರಸಂಗವಿದೆ. ನೆಲದ ವಾಗ್ದಾನ ಮೊದಲು ಸಿಕ್ಕಿದ್ದು ಅಬ್ರಹಾಮನಿಗೆ, ಮುಸ್ಲಿಮರ ಇಬ್ರಾಹೀಮರಿಗೆ. ಹೆಂಡತಿ ಸಾರಾ ಹೆಬ್ರೋನಿನಲ್ಲಿ ತೀರಿಕೊಂಡಾಗ ಅವಳನ್ನು ಮಣ್ಣು ಮಾಡಲು ಅವನಿಗೆ ಅಂಗೈಯಗಲದ ಜಾಗವಿರಲಿಲ್ಲ. ಅಲ್ಲಿನ ಹಿತ್ತಿಯರ ಮುಂದೆ ತಲೆಬಾಗಿ, ನಾನು ಪರದೇಶಿ, ಸಮಾಧಿಗೆ ಜಾಗ ಕೊಡಿ ಎಂದು ಕೇಳಿದ. ಗುಹೆಯ ಒಡೆಯ ಎಫ್ರೋನನು ಪುಕ್ಕಟೆಯಾಗಿ ತೆಗೆದುಕೋ ಎಂದರೂ ಕೇಳದೆ, ಊರಬಾಗಿಲಿನಲ್ಲಿ ಎಲ್ಲರ ಕಣ್ಣೆದುರು 400 ಶೆಕೆಲ್ ಬೆಳ್ಳಿ ತೂಗಿ ಕೊಟ್ಟ. ಇದೆಲ್ಲ ದೇವರು ನನಗೆ ಬರೆದುಕೊಟ್ಟ ನೆಲ ಎಂಬ ಮಾತು ಅವನ ಬಾಯಿಂದ ಬರಲೇ ಇಲ್ಲ. ವಾಗ್ದಾನ ಅವನ ಮತ್ತು ದೇವರ ನಡುವಿನದು. ನೆರೆಯವರೊಂದಿಗೆ ವ್ಯವಹಾರ ಮಾಡಬೇಕಾದದ್ದು ನ್ಯಾಯವಾದ ಬೆಲೆಯಿಂದ ಎಂದು ಆ ಮುದುಕನಿಗೆ ತಿಳಿದಿತ್ತು.

ಆ ಗುಹೆಯನ್ನು ಇಂದು ಯೆಹೂದ್ಯರೂ ಮುಸ್ಲಿಮರೂ ಪೂಜ್ಯವೆಂದು ನಂಬುತ್ತಾರೆ. ಅದೇ ಹೆಬ್ರೋನಿನಲ್ಲಿ 1929ರಲ್ಲಿ 67 ಯೆಹೂದ್ಯರು ಕೊಲೆಯಾದರು. 1994ರಲ್ಲಿ ಅದೇ ಗುಹೆಯ ಮೇಲಿನ ಮಸೀದಿಯಲ್ಲಿ ನಮಾಜಿಗೆ ಬಾಗಿದ್ದ 29 ಮುಸ್ಲಿಮರನ್ನು ಒಬ್ಬ ಯೆಹೂದ್ಯ ಗುಂಡಿಕ್ಕಿ ಕೊಂದ. 1929ರ ಆ ದಿನವೇ ಹಲವು ಅರಬ್ ಕುಟುಂಬಗಳು ಯೆಹೂದ್ಯ ನೆರೆಯವರನ್ನು ತಮ್ಮ ಮನೆಯೊಳಗೆ ಬಚ್ಚಿಟ್ಟು ಕಾಪಾಡಿದವು ಎಂಬುದೂ ಚರಿತ್ರೆಯಲ್ಲಿದೆ. ಒಂದು ಜೀವ ಉಳಿಸಿದವನು ಎಲ್ಲರನ್ನೂ ಉಳಿಸಿದಂತೆ ಎಂಬ ವಚನಕ್ಕೆ ಸಂದರ್ಭ ಸಹಿತ ಉತ್ತರ ಬರೆದವರು ಅವರು.