ಕಲಿಯುವವನು ಮಾಡುವ ಸೇವೆ

ವಿದ್ಯೆ ಪೂರ್ತಿಯಾಗದವನು ಪರರ ಸೇವೆಗೆ ಅರ್ಹನೇ? ಈ ಪ್ರಶ್ನೆಯನ್ನು ವೈದ್ಯ ವಿದ್ಯಾರ್ಥಿಗಳ ವಿಷಯದಲ್ಲಿ ಕೇಳಿದಾಗ ಅದು ಬಹಳ ತೀಕ್ಷ್ಣವಾಗುತ್ತದೆ. ಅರೆಕಲಿತ ಕವಿಯಿಂದ ಲೋಕಕ್ಕೆ ಹೆಚ್ಚಿನ ಹಾನಿಯಿಲ್ಲ. ಅವನ ಕವನವನ್ನು ಓದದೆ ಬದಿಗಿಟ್ಟರಾಯಿತು. ಅರೆಕಲಿತ ವೈದ್ಯನ ಸಂಗತಿ ಹಾಗಲ್ಲ. ಆದುದರಿಂದಲೇ ಪದವಿಯೂ ನೋಂದಣಿಯೂ ಇಲ್ಲದವನು ಚಿಕಿತ್ಸೆಗೆ ಕೈಹಾಕಕೂಡದೆಂದು ಕಾನೂನು ವಿಧಿಸಿದೆ. ಇದು ಸರಿಯೇ. ಆದರೆ ಪದವಿ ಬರುವವರೆಗೆ ಐದಾರು ವರ್ಷ ಪುಸ್ತಕವನ್ನು ಮಾತ್ರ ನೋಡಿದವನ ಕಣ್ಣು, ಪದವಿ ಬಂದ ಮಾರನೆಯ ದಿನ ಮನುಷ್ಯನ ಕಡೆಗೆ ತಾನಾಗಿಯೇ ತಿರುಗೀತೆಂದು ನಂಬುವುದು ಹೇಗೆ?

ಪ್ರಶ್ನೆ ನಮಗೆ ದೂರದ್ದಲ್ಲ. 2022ರ ಜನವರಿಯಲ್ಲಿ ಕೃಷ್ಣಗಿರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಉದ್ಘಾಟನೆಯಾಯಿತು. ಅದೇ ವರ್ಷ ರಾಷ್ಟ್ರೀಯ ವೈದ್ಯಕೀಯ ಆಯೋಗವು, ಮೊದಲ ವರ್ಷದಿಂದಲೇ ವಿದ್ಯಾರ್ಥಿಗಳು ಹಳ್ಳಿಯ ಕೆಲವು ಕುಟುಂಬಗಳನ್ನು ‘ದತ್ತು’ ತೆಗೆದುಕೊಂಡು ಅವರ ಆರೋಗ್ಯವನ್ನು ವಿಚಾರಿಸುತ್ತಿರತಕ್ಕದ್ದೆಂಬ ಕ್ರಮವನ್ನು ದೇಶದ ಕಾಲೇಜುಗಳಿಗೆಲ್ಲ ತಿಳಿಸಿತು. ಉದ್ದೇಶ ಒಳ್ಳೆಯದು. ದತ್ತು ಎಂಬ ಪದ ಮಾತ್ರ ನಮಗೆ ಅಷ್ಟಾಗಿ ಹಿಡಿಸದು. ಅಂಗಳಕ್ಕೆ ಬಂದ ಹತ್ತೊಂಬತ್ತರ ಹುಡುಗನಿಗೆ ಚಾಪೆ ಹಾಸಿ, ಮಜ್ಜಿಗೆ ಕೊಟ್ಟು, ಮನೆಯಲ್ಲಿ ಸತ್ತವರೆಷ್ಟು ಉಳಿದವರೆಷ್ಟು ಎಂಬುದನ್ನೆಲ್ಲ ಅವನ ಪುಸ್ತಕಕ್ಕೆ ಹೇಳಿ ಬರೆಯಿಸುವ ತಾಯಿ ಒಂದು ಕಡೆ; ಬರೆದುಕೊಳ್ಳುವವನು ಇನ್ನೊಂದು ಕಡೆ. ಇವರಲ್ಲಿ ದತ್ತು ತೆಗೆದುಕೊಂಡವರು ಯಾರು?

ಉಪಾಧ್ಯಾಯರಾದ ನಾವು ಈ ಸಂದಿಗ್ಧವನ್ನು ಚೆನ್ನಾಗಿ ಬಲ್ಲೆವು. ತರಬೇತಿ ಶಾಲೆಯ ಅಭ್ಯಾಸಪಾಠಗಳನ್ನು ಯಾರು ಮರೆತಾರು? ಟಿಪ್ಪಣಿ ಸಿದ್ಧ, ಚಿತ್ರಪಟ ಸಿದ್ಧ, ಸೀಮೆಸುಣ್ಣ ಸಿದ್ಧ; ಹಿಂದಿನ ಬೆಂಚಿನಲ್ಲಿ ಮೇಲ್ವಿಚಾರಕರು ಪೆನ್ನು ಹಿಡಿದು ಕುಳಿತಿದ್ದಾರೆ. ಪಾಠ ಮಕ್ಕಳಿಗೆಂದು ಹೆಸರು. ಪಾಠ ಹೇಳುವವರ ದೃಷ್ಟಿಯೆಲ್ಲ ಆ ಪೆನ್ನಿನ ಮೇಲೆ. ಮಕ್ಕಳು ಇದನ್ನು ಅರ್ಧ ಗಳಿಗೆಯಲ್ಲಿ ಅರಿತುಬಿಡುತ್ತಾರೆ. ತಾವು ಈ ಹೊತ್ತು ವಿದ್ಯಾರ್ಥಿಗಳಲ್ಲ, ಉಪಕರಣಗಳು ಎಂಬುದು ಅವರಿಗೆ ಗೊತ್ತು. ಆದರೂ ಉತ್ತರ ಹೇಳಿ ಸಹಕರಿಸುತ್ತಾರೆ. ಬಡ ರೋಗಿಯೂ ಹೀಗೆಯೇ. ಹತ್ತು ಕೈಗಳು ತನ್ನ ಹೊಟ್ಟೆಯನ್ನು ಒತ್ತಿ ನೋಡುವಾಗ ಆತ ಮೌನವಾಗಿರುವುದು ಒಪ್ಪಿಗೆಯಿಂದಲೋ ಗತಿಯಿಲ್ಲದೆಯೋ ಎಂದು ಕೇಳುವವರು ವಿರಳ.

ಹಾಗೆಂದು ಅಭ್ಯಾಸಪಾಠವಿಲ್ಲದೆ ಉಪಾಧ್ಯಾಯನಿಲ್ಲ, ರೋಗಿಯನ್ನು ಮುಟ್ಟಿ ನೋಡದೆ ವೈದ್ಯನಿಲ್ಲ. ಬಡವನಿಂದ ಕಲಿಯುವುದರಲ್ಲಿ ದೋಷವಿಲ್ಲ. ಕಲಿತುಕೊಂಡದ್ದನ್ನು ‘ಸೇವೆ’ ಎಂಬ ಹೆಸರಿನಿಂದ ಕರೆದು, ಪಡೆದವನೇ ಕೊಟ್ಟವನಂತೆ ನಿಲ್ಲುವುದರಲ್ಲಿ ದೋಷವಿದೆ ಎಂದು ನಮ್ಮ ಅಭಿಪ್ರಾಯ. ಋಣವನ್ನು ದಾನವೆಂದು ಲೆಕ್ಕ ಬರೆದರೆ ಆ ಲೆಕ್ಕ ಎಂದಿಗೂ ತೀರದು.

ಈ ವಿಚಾರಕ್ಕೆ ಕನ್ನಡ ನಾಡಿನಲ್ಲಿಯೇ ಒಂದು ನಿದರ್ಶನವಿದೆ. 1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನಲ್ಲಿ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಅವರ ಸಂಗಡಿಗರು ಸೇರಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಎಂಬ ಸಂಘವನ್ನು ಕಟ್ಟಿದರು. ಇನ್ನೂ ಓದುತ್ತಿದ್ದ ಹುಡುಗರು. ಅವರು ಆರಂಭದಲ್ಲಿ ಮಾಡಿದ್ದೇನೆಂಬುದನ್ನು ಗಮನಿಸಬೇಕು. ಔಷಧದ ಕಂಪೆನಿಗಳು ವೈದ್ಯರಿಗೆ ಮಾದರಿಯಾಗಿ ಕೊಡುವ ಗುಳಿಗೆಗಳನ್ನು ಸಂಗ್ರಹಿಸಿ ಬಡ ರೋಗಿಗಳಿಗೆ ದೊರಕಿಸಿದರು. ರಕ್ತದಾನದ ವ್ಯವಸ್ಥೆ ಮಾಡಿದರು. ತಮಗಿಲ್ಲದ ವಿದ್ಯೆಯನ್ನು ಪ್ರದರ್ಶಿಸದೆ, ತಮ್ಮಲ್ಲಿ ಇದ್ದುದನ್ನು ಕೊಟ್ಟರು. ಹದಿನೆಂಟು ತುಂಬಿದ ಆರೋಗ್ಯವಂತನ ರಕ್ತಕ್ಕೆ ಪದವಿಯ ಅಗತ್ಯವಿಲ್ಲ. ಪ್ರಾಧ್ಯಾಪಕನ ರಕ್ತಕ್ಕಿಂತ ಮೊದಲ ವರ್ಷದ ವಿದ್ಯಾರ್ಥಿಯ ರಕ್ತ ಕೀಳಲ್ಲ. ಆಸ್ಪತ್ರೆಯಲ್ಲಿ ದಿಕ್ಕುಗಾಣದೆ ನಿಂತವನಿಗೆ ದಾರಿ ತೋರಿಸಲು, ಚೀಟಿಯನ್ನು ಓದಿ ಹೇಳಲು, ಬಳಿಯಲ್ಲಿ ಕುಳಿತಿರಲು ಯಾವ ಕಾನೂನೂ ಅಡ್ಡಬಾರದು.

ಆ ಸಂಘದ ಮುಂದಿನ ಚರಿತ್ರೆ ಇನ್ನೂ ಸ್ವಾರಸ್ಯವಾದದ್ದು. ಓದು ಮುಗಿದ ಮೇಲೆ ಅವರು 1987ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಬ್ರಹ್ಮಗಿರಿ ಎಂಬ ಹಾಡಿಗೆ ಹೋದರು. 1973ರಲ್ಲಿ ಬಂಡೀಪುರದಲ್ಲಿ ಹುಲಿ ಯೋಜನೆ ಬಂದಿತ್ತು. 1974ರಲ್ಲಿ ಕಬಿನಿಯ ಅಣೆಕಟ್ಟು ಮುಗಿದಿತ್ತು. ಇವುಗಳಿಂದ ನೆಲೆ ತಪ್ಪಿದ ಜೇನುಕುರುಬರು, ಕಾಡುಕುರುಬರು ಆ ಸೀಮೆಯಲ್ಲಿದ್ದರು. ಔಷಧ ಕೊಡಲು ಹೋದವರು ಮರುವರ್ಷವೇ ದನದ ಕೊಟ್ಟಿಗೆಯೊಂದರಲ್ಲಿ ಮಕ್ಕಳಿಗೆ ಶಾಲೆಯನ್ನೂ ತೆರೆದರು! ವೈದ್ಯರಿಗೆ ಶಾಲೆಯ ಗೊಡವೆ ಏಕೆಂದು ಯಾರಾದರೂ ಕೇಳಬಹುದು. ಅಲ್ಲಿಯೇ ನಿಂತವರಿಗೆ ಮಾತ್ರ ಅದು ತಿಳಿಯುತ್ತದೆ. ಭಾನುವಾರ ಬಂದು ಸಂಜೆಗೆ ಹಿಂದಿರುಗುವವನು ತಾನು ತಂದದ್ದನ್ನು ಕೊಟ್ಟು ಹೋಗುತ್ತಾನೆ. ಅಲ್ಲಿಯೇ ಉಳಿದವನು ಜನಕ್ಕೆ ಬೇಕಾದುದೇನೆಂದು ಕೇಳಿಸಿಕೊಳ್ಳಲೇ ಬೇಕಾಗುತ್ತದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ ನೆಲಸಿ 1981ರಲ್ಲಿ ಸಂಸ್ಥೆ ಕಟ್ಟಿದ ಡಾ. ಎಚ್. ಸುದರ್ಶನರ ಕಾರ್ಯದಲ್ಲಿಯೂ ಆಸ್ಪತ್ರೆಯ ಪಕ್ಕದಲ್ಲಿ ಶಾಲೆ ಕಾಣುತ್ತದೆ. ನಮ್ಮ ನೆರೆಯ ಧರ್ಮಪುರಿ ಜಿಲ್ಲೆಯ ಸಿಟ್ಟಿಲಿಂಗಿ ಕಣಿವೆಗೆ, ಈ ಎರಡು ಜಿಲ್ಲೆಗಳೂ ಒಂದೇ ಆಗಿದ್ದ 1993ರಲ್ಲಿ, ರೆಜಿ ಮತ್ತು ಲಲಿತಾ ಎಂಬ ವೈದ್ಯ ದಂಪತಿಗಳು ಬಂದು ಗುಡಿಸಲಿನಲ್ಲಿ ಚಿಕಿತ್ಸೆ ಆರಂಭಿಸಿದರು. ಅವರು ಅಲ್ಲಿಯ ಬುಡಕಟ್ಟಿನ ಹೆಣ್ಣುಮಕ್ಕಳಿಗೇ ಶುಶ್ರೂಷೆಯನ್ನು ಕಲಿಸಿದರು. ಗುಣಪಡಿಸಲು ಹೊರಟವರೆಲ್ಲ ಕಡೆಗೆ ಕಲಿಸುವವರಾದದ್ದು ನಮ್ಮ ವೃತ್ತಿಯವರಿಗೆ ಹೆಮ್ಮೆಯ ಸಂಗತಿಯೇ ಸರಿ.

ಅಮೆರಿಕದಲ್ಲಿ ಇದಕ್ಕೆ ಬೇರೆ ದಾರಿ ಹಿಡಿದಿದ್ದಾರೆ. ಅಲ್ಲಿ 2002ರಿಂದ, ವೈದ್ಯ ವಿದ್ಯಾರ್ಥಿಗಳಲ್ಲಿ ಮಾನವೀಯತೆಯುಳ್ಳವರನ್ನು ಅವರ ಸಹಪಾಠಿಗಳಿಂದಲೇ ಸೂಚಿಸಿ ಆರಿಸುವ ಗೌರವ ಸಂಘವೊಂದಿದೆ. ಅರ್ನಾಲ್ಡ್ ಗೋಲ್ಡ್ ಎಂಬ ಮಕ್ಕಳ ವೈದ್ಯರ ಹೆಸರಿನ ಪ್ರತಿಷ್ಠಾನ ಅದನ್ನು ನಡೆಸುತ್ತದೆ. ಅಂಕಪಟ್ಟಿಯಲ್ಲಿ ಬಾರದ ಗುಣವನ್ನು ಜೊತೆಯವರು ಗುರುತಿಸುವುದು ಒಪ್ಪತಕ್ಕದ್ದೇ. ಆದರೆ ಕರುಣೆಗೆ ಪದಕ ತೊಡಿಸಿದರೆ ಪದಕಕ್ಕಾಗಿ ಕರುಣೆ ತೋರುವವರೂ ಹುಟ್ಟುತ್ತಾರೆಂಬ ಶಂಕೆ ನಮ್ಮನ್ನು ಬಿಡದು. ನಮ್ಮ ಶಾಲೆಗಳಲ್ಲಿ ಸದ್ವರ್ತನೆಗೆ ಬಹುಮಾನ ಕೊಡುವಾಗಲೂ ಇದೇ ಪೇಚು.

ಕಡ್ಡಾಯದ ಸೇವೆ ಸೇವೆಯೇ ಎಂದು ಕೆಲವರು ಕೇಳುತ್ತಾರೆ. ಹಿರಿಯರಿಗೆ ಕೈಮುಗಿಯುವುದನ್ನು ಮಗು ಮೊದಲು ಹೇಳಿಸಿಕೊಂಡೇ ಕಲಿಯುತ್ತದೆ; ಗೌರವ ಆಮೇಲೆ ಬರುತ್ತದೆ, ಕೆಲವರಲ್ಲಿ ಬಾರದೆಯೂ ಇರುತ್ತದೆ. ಆದುದರಿಂದ ಆಯೋಗದ ವಿಧಿಯನ್ನು ನಾವು ಹಳಿಯಲಾರೆವು. ನಾವು ಕೇಳತಕ್ಕದ್ದು ಇಷ್ಟೇ: ಆ ಹುಡುಗ ಎರಡನೆಯ ಸಲ ಬಂದಾಗ ಮನೆಯ ಮಗುವಿನ ಹೆಸರು ಅವನಿಗೆ ನೆನಪಿದೆಯೇ?

ನಮ್ಮ ಸೀಮೆಯಲ್ಲಿ ಇನ್ನೊಂದು ತೊಡಕಿದೆ. ಕೃಷ್ಣಗಿರಿಯ ಕಾಲೇಜಿಗೆ ಮದುರೆಯ ಹುಡುಗ ಬರಬಹುದು, ತಿರುನೆಲ್ವೇಲಿಯ ಹುಡುಗಿ ಬರಬಹುದು. ತಳಿ, ಡೆಂಕಣಿಕೋಟೆ, ಅಂಚೆಟ್ಟಿಯ ಕಡೆಯ ಅಜ್ಜಿಗೆ ತಮಿಳಿನಲ್ಲಿ ಬಸ್ಸಿನ ಚೀಟಿ ಕೇಳಲು ಬಂದೀತು. ನೋವನ್ನು ಹೇಳಿಕೊಳ್ಳಲು ಕನ್ನಡವೋ ತೆಲುಗೋ ಬೇಕು. ಆಕೆ ‘ಸಂಕಟ’ ಎಂದರೆ ನಿಘಂಟಿನ ದುಃಖವಲ್ಲ, ಹೊಟ್ಟೆ ತೊಳಸುತ್ತಿದೆಯೆಂದು ಅರ್ಥ. ‘ಎದೆ ಉರಿ’ ಎಂದದ್ದು ಆಮ್ಲದ ಉರಿಯೋ ಹೃದಯದ ನೋವೋ ಎಂಬುದು ಮತ್ತೆರಡು ಮಾತು ಆಡಿಸದೆ ತಿಳಿಯದು. ಜೊತೆಗೆ ಬಂದ ಮೊಮ್ಮಗನಿಂದ ಅನುವಾದ ಮಾಡಿಸುವುದು ಸುಲಭ. ಆದರೆ ಹತ್ತು ವರ್ಷದ ಹುಡುಗನ ಮುಂದೆ ಹೆಂಗಸು ಹೇಳಲಾರದ ಕಾಯಿಲೆಗಳೇ ಬಹಳ.

2020ರಲ್ಲಿ ತಮಿಳುನಾಡು ಸರ್ಕಾರವು, ಆರರಿಂದ ಹನ್ನೆರಡನೆಯ ತರಗತಿಯವರೆಗೆ ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ವೈದ್ಯಕೀಯ ಪ್ರವೇಶದಲ್ಲಿ ಶೇಕಡ 7.5 ಸ್ಥಾನಗಳನ್ನು ಮೀಸಲಿಟ್ಟಿತು. ಇದರಿಂದ ನಮ್ಮ ಕನ್ನಡ ಮಾಧ್ಯಮದ ಮಕ್ಕಳಲ್ಲಿಯೂ ಒಬ್ಬಿಬ್ಬರು ಆ ಅಂಗಳಕ್ಕೆ ವಿದ್ಯಾರ್ಥಿಗಳಾಗಿ ಹೋಗುವ ದಿನ ಬರಬಹುದು. ಅಲ್ಲಿಯವರೆಗೆ ಬರುವ ಹುಡುಗರು ಹೊರಗಿನವರೇ. ಹಳ್ಳಿಯಲ್ಲಿ ಅವರನ್ನು ಎದುರುಗೊಳ್ಳತಕ್ಕವರು ಉಪಾಧ್ಯಾಯರೇ ಸರಿ. ನೋವು, ಉರಿ, ಸಂಕಟ, ಸುಸ್ತು, ಸೆಳೆತ, ಜೋಮು, ಮೈಭಾರ — ಇಂತಹ ನೂರು ಮಾತುಗಳನ್ನು ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಬರೆದು, ತಮಿಳಿನಲ್ಲಿ ಅರ್ಥ ಕೊಟ್ಟು ಅವರ ಕೈಗಿಡಬಹುದು. ನಮ್ಮ ಏಳನೆಯ ತರಗತಿಯವರಿಗೆ ಇದು ಒಂದು ವಾರದ ಕೆಲಸ. ಪುಸ್ತಕ ನೋಡಿ ಬರೆಯಕೂಡದು. ಮನೆಯ ಅಜ್ಜಿಯರನ್ನೇ ಕೇಳಿ, ಅವರು ಹೇಳಿದಂತೆಯೇ ಬರೆಯತಕ್ಕದ್ದು.